ನಿಂತ ಮನೆಗೊಂದು ನಿಂಬೆಹಣ್ಣು

ನಮ್ಮೂರಿಗೆ ಹೊಸದಾಗಿ ಬಂದು ಮನೆ ಕಟ್ಟಿಸಿದವರು ಮೊದಲು ಮಾಡುವ ತಪ್ಪೆಂದರೆ ಗೇಟು ಇಡಿಸುವುದು. ಬೆಳಗ್ಗೆ ಎದ್ದು ನೋಡಿದರೆ ಗೇಟು ಇದ್ದಲ್ಲೇ ಇರುತ್ತದೆ, ಮನೆ ಮಾತ್ರ ಎಣ್ಣೆ ಗಾಣದ ಹಿಂದಕ್ಕೋ ಶಾಲೆಯ ಮೈದಾನದ ಅಂಚಿಗೋ ಹೋಗಿರುತ್ತದೆ. ಹೀಗೆ ಅನಾಥವಾದ ಗೇಟುಗಳು ಊರ ತುಂಬ ನಿಂತಿವೆ, ಎಮ್ಮೆಗಳು ಅವಕ್ಕೆ ಮೈ ಉಜ್ಜಿಕೊಳ್ಳುತ್ತವೆ. ಹೊಸ ಮನೆ ಎಂದರೆ ನಮ್ಮಲ್ಲಿ ಓಡಾಡುವ ಮನೆ. ಒಳಗಿನವರು ಮಲಗಿದ ಮೇಲೆ ಅದು ಹೊರಡುತ್ತದೆ, ತನ್ನ ಜನಕ್ಕೆ ಎಲ್ಲಿ ಹಿತವೋ ಆ ಕಡೆಗೆ. ಮೊದಮೊದಲು ಬೀದಿಗಟ್ಟಲೆ ಹಾರುತ್ತದೆ. ಆಮೇಲೆ ಮಾರು, ಆಮೇಲೆ ಮೊಳ, ಗೇಣು, ಬೆರಳು. ಕೊನೆಗೊಂದು ದಿನ ನಿಲ್ಲುತ್ತದೆ. ನಿಂತ ಮೇಲೆ ಬಾಗಿಲಿಗೆ ಹೊಸ್ತಿಲ ಕಲ್ಲು ಕೂರಿಸುತ್ತೇವೆ. ಹೊಸ್ತಿಲು ಕೂತ ಮನೆ ಮತ್ತೆ ಜರುಗುವುದಿಲ್ಲ.

ನಿಂತಿತೋ ಇಲ್ಲವೋ ಎಂದು ನೋಡಿ ಹೇಳುವವಳು ನಾನು. ಹೆಸರು ಪಂಕಜಾಕ್ಷಿ, ಪುರಸಭೆಯಲ್ಲಿ ನೌಕರಿ. ಬೆನ್ನ ಹಿಂದೆ ಜನ ನನ್ನನ್ನು ನಿಂಬೆಹಣ್ಣಿನ ಪಂಕಜಮ್ಮ ಅನ್ನುತ್ತಾರೆ. ನನ್ನ ಸ್ವಭಾವಕ್ಕೂ ಆ ಹೆಸರು ಒಪ್ಪುತ್ತದೆ ಎಂದು ನಗುತ್ತಾರೆ ಅನ್ನುವುದೂ ನನಗೆ ಗೊತ್ತು. ಈ ಕೆಲಸಕ್ಕೆ ತಾಳ್ಮೆ ಬೇಕು, ನನಗೆ ಅದೊಂದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರದವಳು ನಾನು. ಅಂಥವಳು ಮನೆಗಳು ನಿಲ್ಲುವುದನ್ನು ಕಾಯುತ್ತಾ ಅರ್ಧ ಆಯುಸ್ಸು ಕಳೆದಿದ್ದೇನೆ.

ಓಡಾಡುವ ಮನೆಗಳ ಜೊತೆ ಬದುಕುವುದು ಅಭ್ಯಾಸವಾದರೆ ಕಷ್ಟವೇನಲ್ಲ. ಅಂಚೆಯವನು ಬೀದಿಯ ನಡುವೆ ನಿಂತು ಹೆಸರು ಕೂಗುತ್ತಾನೆ. ಬಟ್ಟೆ ಒಣಹಾಕುವ ಹಗ್ಗದ ಎರಡೂ ತುದಿಯನ್ನು ಸ್ವಂತ ಮನೆಗೇ ಕಟ್ಟಬೇಕು. ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿದವರ ಬಟ್ಟೆಗಳು ಎಲ್ಲೆಲ್ಲಿ ಸಿಕ್ಕಿವೆ ಎಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಸೆಕೆಂಡ್ ಶೋ ಮುಗಿಸಿ ಬರುವಷ್ಟರಲ್ಲಿ ಮನೆ ಹೊರಟುಹೋಗಿದ್ದರೆ, ಸಿಕ್ಕಿದ ಮನೆಯ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಅವರಲ್ಲೇ ಕಾಫಿ ಕುಡಿದು, ತಮ್ಮ ಮನೆ ಹುಡುಕಿಕೊಂಡು ಹೋಗುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಒಂದೇ ಒಂದು ವಿಷಯಕ್ಕೆ ಮನೆ ನಿಲ್ಲಲೇಬೇಕು, ಅದು ಮದುವೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಬಲಗಾಲಲ್ಲಿ ಅದನ್ನು ಒದ್ದು ತಾನೇ ಸೊಸೆ ಒಳಗೆ ಬರಬೇಕು? ಹೊಸ್ತಿಲೇ ಇಲ್ಲದ ಮನೆಯಲ್ಲಿ ಸೇರು ಎಲ್ಲಿ ಇಡುತ್ತೀರಿ? ಆದ್ದರಿಂದ ನಮ್ಮೂರಲ್ಲಿ ಮದುವೆಯ ಮಾತು ಬಂದ ಕೂಡಲೇ ಜನ ಪುರೋಹಿತರಿಗಿಂತ ಮೊದಲು ನನ್ನನ್ನು ಹಿಡಿದುಕೊಳ್ಳುತ್ತಾರೆ.

ನನ್ನ ಕೆಲಸಕ್ಕೆ ಬೇಕಾದದ್ದು ಒಂದು ಗೂಟ, ಒಂದು ನಿಂಬೆಹಣ್ಣು, ಒಂದು ಪ್ರಶ್ನೆ. ಮನೆಯ ಮೂಲೆಗೆ ತಾಗಿಸಿ ಗೂಟ ಹೊಡೆದು ಬರುತ್ತೇನೆ. ಮುಂದಿನ ಸಲ ಹೋದಾಗ ಮನೆಗೂ ಗೂಟಕ್ಕೂ ನಡುವೆ ಬೆರಳು ತೂರುವಂತಿರಬಾರದು. ಇಷ್ಟೇ ಸಾಕು ಎಂದು ಸುಮಾರು ಜನ ತಿಳಿದಿದ್ದಾರೆ. ಸಾಲದು. ದಣಿದ ಮನೆಯೂ ಒಂದೆರಡು ದಿನ ಜರುಗುವುದಿಲ್ಲ. ಅದಕ್ಕೇ ನಡುಮನೆಯ ನೆಲದ ಮೇಲೆ ನಿಂಬೆಹಣ್ಣು ಇಡುತ್ತೇನೆ. ಮನೆಗೆ ಎಲ್ಲಿಗಾದರೂ ಹೋಗುವ ಮನಸ್ಸಿದ್ದರೆ ಹಣ್ಣು ಆ ಕಡೆಗೆ ಉರುಳುತ್ತದೆ. ಇಟ್ಟಲ್ಲೇ ಕೂತರೆ ಒಳ್ಳೆಯ ಲಕ್ಷಣ, ಆದರೆ ಅದೂ ಸಾಲದು. ಕೆರೆಯಂಗಳದಂಥ ಸಮತಟ್ಟು ಜಾಗದಲ್ಲಿ ಯಾವ ಹಣ್ಣೂ ಉರುಳುವುದಿಲ್ಲ, ಮನೆ ಮಾತ್ರ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೋಗುತ್ತಲೇ ಇರುತ್ತದೆ. ಹಾಗಾಗಿ ಕೊನೆಗೆ ಮನೆಯವರನ್ನು ಕೇಳಬೇಕು: ನಿನ್ನೆಗಿಂತ ಇವತ್ತು ಚೆನ್ನಾಗಿದೆಯಾ? ಚೆನ್ನಾಗಿದೆ ಅಂದರೆ ಮನೆ ಇನ್ನೂ ಮುಟ್ಟಬೇಕಾದಲ್ಲಿಗೆ ಮುಟ್ಟಿಲ್ಲ ಎಂದರ್ಥ. ನಿನ್ನೆಯ ಹಾಗೇ ಇದೆ ಅಂದರೆ ಮಾತ್ರ ಸರಿ. ಮೂರೂ ಒಟ್ಟಿಗೆ, ನಾನು ಹೋದಾಗಲೆಲ್ಲ ಸರಿಯಿರಬೇಕು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅನ್ನುವವರನ್ನು ನಾನು ವಕೀಲ ಶ್ರೀಪಾದರಾಯರ ಮನೆಗೆ ಕಳಿಸುತ್ತೇನೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಬರೀ ಗೂಟ ನೋಡಿ ಅವರ ಮನೆ ನಿಂತಿದೆ ಎಂದು ಹೇಳಿಬಿಟ್ಟರು. ಇವತ್ತಿಗೂ ಆ ಮನೆಯ ನೆಲ ಓರೆ. ತಟ್ಟೆಯಲ್ಲಿ ಸಾರು ಒಂದೇ ಮಗ್ಗುಲಿಗೆ ಸೇರುತ್ತದೆ. ಮಂಚದ ಎರಡು ಕಾಲಿಗೆ ಕಾನೂನಿನ ಪುಸ್ತಕ ಕೊಟ್ಟಿದ್ದಾರೆ. ಮನೆಮಂದಿಯೆಲ್ಲ ಎಲ್ಲಿಗೋ ಹೊರಟವರ ಹಾಗೆ ಯಾವಾಗಲೂ ಒಂದೇ ಗೋಡೆಯ ಬುಡದಲ್ಲಿ ಕೂತಿರುತ್ತಾರೆ. ಕಲ್ಲು ಕೀಳಿಸಬಹುದು, ಆದರೆ ಕಿತ್ತ ಮನೆ ಮೊದಲಿನಿಂದ ಊರೆಲ್ಲ ಅಲೆಯಬೇಕಾಗಬಹುದು. ರಾಯರು ಅದಕ್ಕೆ ಒಪ್ಪುವುದಿಲ್ಲ. "ನನ್ನ ಮನೆ ಸರಿಯಾಗೇ ಇದೆ, ಊರೇ ಓರೆ" ಎಂದು ವಾದಿಸುತ್ತಾರೆ.

ಪರೀಕ್ಷೆ ಮುಗಿದ ನಿಂಬೆಹಣ್ಣು ನೋಡಿದವರಿಗೇ ಸೇರಬೇಕು ಅನ್ನುವುದು ಹಳೆಯ ಪದ್ಧತಿ. ಅಮ್ಮ ಇದ್ದಾಗ ನಮ್ಮ ಮನೆಯಲ್ಲಿ ಆ ಹಣ್ಣುಗಳಿಂದ ಚಿತ್ರಾನ್ನ ಆಗುತ್ತಿತ್ತು. ಅಮ್ಮ ಹೋದ ಮೇಲೆ, ಒಬ್ಬಳಿಗೋಸ್ಕರ ಕಡಲೆಬೇಳೆ, ಸಾಸಿವೆ, ಕರಿಬೇವು ಎಂದು ಯಾರು ಒಗ್ಗರಣೆ ಹಾಕುತ್ತಾರೆ? ಎಲ್ಲ ಉಪ್ಪಿನಕಾಯಿ. ಭರಣಿಗಳು ಅಟ್ಟದ ತುಂಬ ಸಾಲಾಗಿ ಕೂತಿವೆ. ಈ ನಡುವೆ ಅವು ರಾತ್ರಿ ಹೊತ್ತು ಗಡಗಡ ಅನ್ನಲು ಶುರುವಾದಾಗ ನಾನು ಹೆಗ್ಗಣ ಸೇರಿಕೊಂಡಿದೆ ಎಂದು ಬೋನು ತಂದಿಟ್ಟೆ. ದಿನಾ ಅದಕ್ಕೆ ಕೊಬ್ಬರಿ ಚೂರು ಸಿಕ್ಕಿಸಿದ್ದೇ ಬಂತು, ಹೆಗ್ಗಣ ಬೀಳಲಿಲ್ಲ.

ತುಂಗಮ್ಮನ ಮನೆಯ ವಿಷಯ ನನ್ನ ಕೈಗೆ ಬಂದದ್ದು ಆಗಲೇ. ತುಂಗಮ್ಮ ಹಪ್ಪಳ ಮಾಡಿ ಮಾರುವಾಕೆ. ಮಗ ಉಮಾಪತಿ ಬಸ್ ಕಂಡಕ್ಟರ್, ನಲವತ್ತು ದಾಟಿದವನು. ನಮ್ಮೂರ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿರುವ ಪ್ರಮೀಳಾ ದಿನಾ ಅವನ ಬಸ್ಸಿನಲ್ಲಿ ತನ್ನ ಊರಿಂದ ಬಂದು ಹೋಗಿ ಮಾಡುತ್ತಿದ್ದಳು. ಸರಿಯಾದ ಚಿಲ್ಲರೆ ಕೊಡುವ ಹೆಣ್ಣು ಎಂದು ಇವನು ಮೆಚ್ಚಿಕೊಂಡ, ಚಿಲ್ಲರೆ ಕೇಳುವಾಗ ಸಿಡುಕದ ಗಂಡು ಎಂದು ಅವಳು ಮೆಚ್ಚಿಕೊಂಡಳು. ಹೋದ ದೀಪಾವಳಿಗೇ ಮದುವೆ ಎಂದಾಗಿತ್ತು. ಆದರೆ ಹೊಸ ಮನೆ ಆಗಿನ್ನೂ ಊರ ಈ ತುದಿಯಿಂದ ಆ ತುದಿಗೆ ಹಾರುತ್ತಿತ್ತು, ಮದುವೆ ಮುಂದೆ ಹೋಯಿತು. ಈಗ ಆಷಾಢಕ್ಕೆ ಮುಂಚಿನ ಕೊನೆಯ ಲಗ್ನ ಗೊತ್ತಾಗಿತ್ತು. ಈ ಸಲವೂ ತಪ್ಪಿದರೆ ಬೇರೆ ಊರಿಗೆ ವರ್ಗ ತೆಗೆದುಕೊಂಡು ಹೋಗುತ್ತೇನೆ ಎಂದು ಪ್ರಮೀಳಾ ಹೇಳಿದ್ದಳು. "ಅವಳು ಹೇಳಿದ್ರೆ ಹೇಳಿದ ಹಾಗೇನೇ ಮೇಡಂ," ಎಂದ ಉಮಾಪತಿಯ ಮುಖ, ಟಿಕೆಟ್ ಪುಸ್ತಕ ಕಳೆದುಕೊಂಡವನ ಹಾಗಿತ್ತು.

ನಮ್ಮ ವಾರ್ಡಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ನೀರು ಬರುವ ಬೆಳಗ್ಗೆ ನಾನು ದೇವರು ಕರೆದರೂ ಹೊರಗೆ ಹೋಗುವುದಿಲ್ಲ. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಚೆಂಬು ಲೋಟದವರೆಗೆ ತುಂಬಿಸಿಯೇ ಮುಂದಿನ ಮಾತು. ಹಾಗಾಗಿ ನನ್ನ ತಿರುಗಾಟವೂ ದಿನ ಬಿಟ್ಟು ದಿನವೇ. ಹೋದಾಗಲೆಲ್ಲ ತುಂಗಮ್ಮನ ಮನೆ ಆಸ್ಪತ್ರೆಯ ಕಾಂಪೌಂಡಿನ ಪಕ್ಕದಲ್ಲಿ, ನಾನು ಹೊಡೆದ ಗೂಟಕ್ಕೆ ಮೈ ತಾಗಿಸಿಕೊಂಡು ನಿಂತಿರುತ್ತಿತ್ತು. ಬೆರಳಲ್ಲ, ಕಾಗದವೂ ತೂರುವಂತಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ನಿಂತ ಮನೆಯನ್ನು ನಾನು ಕಂಡೇ ಇರಲಿಲ್ಲ. ಒಳಗೆ ಹೋದರೆ ತುಂಗಮ್ಮ ಆಗ ತಾನೇ ನೆಲಕ್ಕೆ ಸಗಣಿ ಸಾರಿಸಿರುತ್ತಿದ್ದಳು, ದಪ್ಪಗೆ. "ನೀವು ಬರ್ತೀರಂತ ಸಾರಿಸ್ದೆ ಕಣವ್ವ, ಶುಭದ ಕೆಲಸ ಅಲ್ವಾ," ಅನ್ನುತ್ತಿದ್ದಳು. ನಿಂಬೆಹಣ್ಣು ಇಟ್ಟರೆ ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ ಕೂತುಬಿಡುತ್ತಿತ್ತು.

"ನಿನ್ನೆಗಿಂತ ಇವತ್ತು ಚೆನ್ನಾಗಿದೆಯೇನಮ್ಮ?" ಎಂದು ಕೇಳುತ್ತಿದ್ದೆ.

"ಮೊನ್ನೆ ಹೆಂಗಿತ್ತೋ ಇವತ್ತೂ ಹಂಗೇ ಐತೆ," ಅನ್ನುತ್ತಿದ್ದಳು ತುಂಗಮ್ಮ, ಹಪ್ಪಳದ ಉಂಡೆಯಿಂದ ಕಣ್ಣೆತ್ತದೆ.

ಕಲ್ಲುಕುಟಿಗನಿಗೆ ಹೊಸ್ತಿಲು ಕಡೆಯಲು ಹೇಳಿಯೂ ಆಯಿತು. ಅಷ್ಟರಲ್ಲಿ ನೀರಿನ ಟ್ಯಾಂಕಿನ ಮೋಟಾರು ಸುಟ್ಟುಹೋಯಿತು. ನೀರು ಬರಬೇಕಾದ ದಿನ ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಖಾಲಿ ಕೊಡಗಳ ಮುಂದೆ ಕೂತು ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ ಎಂದು ಯೋಚಿಸಿ, ಕೊನೆಗೆ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟೆ. ಆಸ್ಪತ್ರೆಯ ಹತ್ತಿರ ಹೋದರೆ ಗೂಟ ಇದೆ, ಗೂಟದ ಪಕ್ಕ ಒಂದು ನಾಯಿ ಮಲಗಿದೆ, ಮನೆ ಇಲ್ಲ! ಹುಡುಕಿಕೊಂಡು ಊರ ಇನ್ನೊಂದು ತುದಿಗೆ ಹೋದರೆ, ಬಸ್ ಸ್ಟ್ಯಾಂಡಿನ ಬೆನ್ನಿಗೆ ಅವಳ ತಗಡಿನ ಮನೆ ಏನೂ ಆಗದ ಹಾಗೆ ನಿಂತಿದೆ, ಬಾಗಿಲಲ್ಲಿ ತುಂಗಮ್ಮ ಕೂತಿದ್ದಾಳೆ.

"ಏನ್ರೀ ಇದು, ಇಲ್ಲೇನು ಮಾಡ್ತಿದೀರಿ?"

"ಹಪ್ಪಳ ಒತ್ತುತಾ ಇವ್ನಿ ಕಣವ್ವ."

"ನಿಮ್ಮನ್ನಲ್ಲ, ಮನೆ ಇಲ್ಲೇನು ಮಾಡ್ತಿದೆ ಅಂತ ಕೇಳ್ದೆ!"

ತುಂಗಮ್ಮ ಲಟ್ಟಣಿಗೆ ಕೆಳಗಿಟ್ಟಳು. "ಒಂದಿನ ಅಲ್ಲಿ, ಒಂದಿನ ಇಲ್ಲಿ. ಬೋ ದಿನದಿಂದ ಹಿಂಗೇಯ. ನೀವು ಬರೋ ದಿನ ಅಲ್ಲಿರ್ತದೆ. ನಾ ಏನ್ ಮಾಡ್ಲಿ?"

"ಬಾಯಿಬಿಟ್ಟು ಹೇಳ್ಬಾರ್ದಿತ್ತೇ? ನಿನ್ನೆಗಿಂತ ಹೇಗಿದೆ ಅಂತ ಕೇಳಿದಾಗ ಅಷ್ಟು ಸುಳ್ಳು ಹೇಳಿದ್ರಲ್ಲ!"

"ಸುಳ್ಳು ಹೇಳ್ಲಿಲ್ಲ. ನೀವು ನಿನ್ನೆದು ಕೇಳಿದ್ರಿ, ನಾನು ಮೊನ್ನೆದು ಹೇಳ್ದೆ. ಹಂಗೇ ಇತ್ತು ತಾನೇ?"

ನನಗೆ ಉರಿದುಹೋಯಿತು. ಅವಳ ಮೇಲೆ ಎಷ್ಟೋ ಅದಕ್ಕಿಂತ ಹೆಚ್ಚು ನನ್ನ ಮೇಲೆ. ಎರಡು ದಿನಕ್ಕೊಮ್ಮೆ ನೋಡಿದರೆ ಗಡಿಯಾರದ ಲೋಲಕವೂ ನಿಂತ ಹಾಗೇ ಕಾಣುತ್ತದೆ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಅದು ಹೊಳೆಯಬೇಡವೇ? ಸೀದಾ ಒಳಗೆ ಹೋಗಿ ನೆಲದ ಮೇಲೆ ನಿಂಬೆಹಣ್ಣು ಇಟ್ಟೆ. ಅವತ್ತು ಸಗಣಿ ಸಾರಿಸಿರಲಿಲ್ಲ. ಹಣ್ಣು ಮಂಚದ ಕೆಳಗೆ ನುಗ್ಗಿ, ಒಲೆ ಬಳಸಿಕೊಂಡು, ಬಾಗಿಲು ದಾಟಿ, ಬೀದಿಯಲ್ಲಿ ಆಸ್ಪತ್ರೆಯ ದಿಕ್ಕಿಗೆ ಓಡಿತು. ಎದುರಿಗೆ ಬರುತ್ತಿದ್ದ ಸೈಕಲ್ಲಿನವನು ಹೆದರಿ ದಾರಿ ಬಿಟ್ಟ.

ವಿಷಯ ಊರಿಗೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮಾರನೆಯ ದಿನ ಪ್ರಮೀಳಾ ನನ್ನ ಮನೆಗೆ ಬಂದಳು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು ಅಂತ ಕಾಣುತ್ತದೆ, ಕಣ್ಣು ಕೆಂಪಗಿದ್ದವು. ಬಂದವಳೇ ನನ್ನ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಹೊಸ್ತಿಲ ಮೇಲೆ ಕೂರಬೇಡ, ಏಳು," ಎಂದು ಗದರಿದೆ.

"ನಮಗೆ ಕೂರಬಾರದು ಅಂತ ಬೈಸಿಕೊಳ್ಳೋಕೂ ಒಂದು ಹೊಸ್ತಿಲಿಲ್ಲವಲ್ಲ ಅಕ್ಕ," ಎಂದಳು, ಏಳಲಿಲ್ಲ. "ಅತ್ತೆ ನಿಮ್ಮನ್ನ ಹೇಗಾದರೂ ಮಾಡಿ ಒಪ್ಪಿಸ್ತೀನಿ ಅಂತಿದಾರೆ. ಎರಡರಲ್ಲಿ ಯಾವುದಾದರೂ ಒಂದು ಕಡೆ ಕಲ್ಲು ಹಾಕಿಸಿಬಿಡೋಣ ಅಂತಾರೆ. ಹಾಕಿಸಬೇಡಿ. ವಕೀಲರ ಮನೆಗೆ ನಾನು ಇಂಜೆಕ್ಷನ್ ಕೊಡೋಕೆ ಹೋಗ್ತೀನಿ, ಆ ಓರೆ ನೆಲ ನೋಡಿದೀನಿ. ಜೀವನಪೂರ್ತಿ ಹಾಗೆ ಜಾರಿಕೊಂಡು ಬದುಕೋದು ನನಗೆ ಬೇಡ."

"ಹಾಗಾದರೆ ಮದುವೆ ಮುಂದೆ ಹಾಕಿ."

"ಇನ್ನೊಂದು ಸಲ ಮುಂದೆ ಹಾಕಿದ್ರೆ ಅದು ಆಗಲ್ಲ, ನನಗೆ ಗೊತ್ತು. ಕಾಯೋದೇ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ಅವರು ಬಸ್ಸಲ್ಲಿ ಟಿಕೆಟ್ ಹರಿದುಕೊಂಡು, ನಾನು ಸೂಜಿ ಚುಚ್ಚಿಕೊಂಡು, ಹೀಗೇ ಮುದುಕರಾಗ್ತೀವಿ. ಮನೇನೂ ನಿಲ್ಲಬೇಕು, ಮದುವೇನೂ ಆಗಬೇಕು. ನೀವೇ ಏನಾದರೂ ಮಾಡಿ."

ಬೇರೆ ಯಾರಾದರೂ ಹೀಗೆ ಅಪ್ಪಣೆ ಕೊಡಿಸಿದ್ದರೆ ನಾನು ನೀರಿಳಿಸಿ ಕಳಿಸುತ್ತಿದ್ದೆ. ಆದರೆ ನನ್ನಷ್ಟೇ ತಾಳ್ಮೆ ಇಲ್ಲದ ಇನ್ನೊಂದು ಜೀವವನ್ನು ನಾನು ಈ ಊರಲ್ಲಿ ಮೊದಲ ಸಲ ಕಂಡಿದ್ದೆ. ಖುಷಿಯಾಯಿತು. ಕಾಫಿ ಮಾಡಿಕೊಟ್ಟೆ.

ಆ ಮನೆ ಯಾಕೆ ಹಾಗೆ ತೂಗಾಡುತ್ತಿದೆ ಅನ್ನುವುದು ಯೋಚಿಸಿದರೆ ಕಷ್ಟವಿರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಮಗನಿಗೆ ಹಿತ, ಆಸ್ಪತ್ರೆಯ ಕಡೆ ಇನ್ನೂ ಒಳಗೆ ಕಾಲಿಡದ ಸೊಸೆಗೆ ಹಿತ, ತುಂಗಮ್ಮನಿಗೆ ಎರಡು ಕಡೆಯೂ ಮಾತಾಡಲು ಜನವಿಲ್ಲ. ಹಿತವಾದ ತಗ್ಗು ಎಲ್ಲೋ ನಡುವೆ ಇದೆ. ಮನೆ ಅದನ್ನು ಹುಡುಕಿಕೊಂಡೇ ಹೊರಡುತ್ತದೆ, ಆದರೆ ತಗಡಿನ ಮನೆ, ತೀರಾ ಹಗುರ. ಹೊರಟ ರಭಸಕ್ಕೆ ತಗ್ಗನ್ನು ದಾಟಿ ಆಚೆಯ ದಿಬ್ಬ ಹತ್ತಿಬಿಡುತ್ತದೆ. ಮಾರನೆಯ ರಾತ್ರಿ ಮತ್ತೆ ಅಲ್ಲಿಂದ ಈಚೆಗೆ. ಹೀಗೆ ಬಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವುದಿಲ್ಲ. ಭಾರ ಹೇರಬೇಕು, ಆಗ ಹೆಜ್ಜೆ ಚಿಕ್ಕದಾಗುತ್ತದೆ.

"ಯಾರ ಮನೆಯಲ್ಲಿ ಉಪಯೋಗಕ್ಕಿಲ್ಲದ ಒರಳುಕಲ್ಲು ಇದೆಯೋ ತಂದು ತುಂಗಮ್ಮನ ಮನೆಯಲ್ಲಿಡಿ" ಎಂದು ಊರಲ್ಲಿ ಡಂಗುರ ಹೊಡೆಸಿದೆ. ಮಿಕ್ಸಿ ಬಂದಾಗಿನಿಂದ ಊರಿನ ಒರಳುಕಲ್ಲುಗಳೆಲ್ಲ ಹಿತ್ತಿಲಲ್ಲಿ ಬಿದ್ದಿದ್ದವು. ಕೊಡುವುದಕ್ಕೆ ಯಾರಿಗೂ ಬೇಜಾರಿರಲಿಲ್ಲ. ಗಾಡಿಯಲ್ಲಿ, ತಳ್ಳುಗಾಡಿಯಲ್ಲಿ, ಉಮಾಪತಿಯ ಬಸ್ಸಿನ ಮೇಲೂ ಬಂದವು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ಉಮಾಪತಿ ಎರಡು ಒರಳಿನ ನಡುವೆ ಮಲಗಿ ಬಸ್ಸಿನ ಹಿಂದಿನ ಸೀಟಿಗಿಂತ ಸುಖವಾಗಿದೆ ಎಂದ. ತುಂಗಮ್ಮ ಮಾತ್ರ ಒಂದೊಂದು ಒರಳಿನ ಮೇಲೂ ಒಂದೊಂದು ಮೊರ ಇಟ್ಟು ಹಪ್ಪಳ ಹರವಿದಳು.

ಈಗ ನಾನು ದಿನಾ ನೋಡಲು ಹೋಗತೊಡಗಿದೆ, ನೀರು ಬರುವ ದಿನವೂ. ನನ್ನ ಪಾಲಿನ ನೀರು ಹಿಡಿದಿಡುವ ಕೆಲಸ ಉಮಾಪತಿಯದು. ತೂಗಾಟ ನಿಜವಾಗಿಯೂ ಸಣ್ಣದಾಗುತ್ತಾ ಬಂತು. ಬಸ್ ಸ್ಟ್ಯಾಂಡಿನ ತನಕ ಹೋಗುತ್ತಿದ್ದದ್ದು ಎಣ್ಣೆ ಗಾಣಕ್ಕೇ ತಿರುಗಿತು. ಆಸ್ಪತ್ರೆಯ ಕಡೆ ಹೋಗುವುದು ಟೈಲರ್ ಅಂಗಡಿಗೇ ಮುಗಿಯಿತು. ಆಮೇಲೆ ಗಾಣದಿಂದ ಈಚೆಗೆ ಬೇವಿನ ಮರ, ಟೈಲರ್ ಅಂಗಡಿಯಿಂದ ಈಚೆಗೆ ಹಳೇ ಬಾವಿ. ನಾನು ಬೀಗುತ್ತಾ ಗೂಟ ಹೊಡೆದದ್ದೇ ಹೊಡೆದದ್ದು. ಬೇವಿನ ಮರಕ್ಕೂ ಹಳೇ ಬಾವಿಗೂ ನಡುವೆ ಏನಿದೆ ಎಂದು ನನಗೆ ಹೊಳೆದದ್ದು ಒಂದು ಬೆಳಗ್ಗೆ ಎಡಗಡೆಯ ಕಿಟಕಿ ತೆರೆದಾಗ. ತುಂಗಮ್ಮ ಅಲ್ಲಿ ಕೂತು ಹಪ್ಪಳ ಒತ್ತುತ್ತಿದ್ದಳು.

ನಡುವೆ ಇದ್ದದ್ದು ನನ್ನ ಮನೆ.

ಆ ಮನೆ ಇಷ್ಟು ದಿನವೂ ರಾತ್ರಿ ಹೊತ್ತು ನನ್ನ ನೆತ್ತಿಯ ಮೇಲಿಂದ ಹಾರಿ ಹೋಗುತ್ತಿತ್ತು. ಭರಣಿಗಳು ಗಡಗಡ ಅನ್ನುತ್ತಿದ್ದದ್ದು ಅದಕ್ಕೇ. ಹೆಗ್ಗಣದ ಬೋನಿಗೆ ಹಾಕಿದ ಕೊಬ್ಬರಿಯೆಲ್ಲ ದಂಡ.

ಮಾರನೆಯ ದಿನ ಬಲಗಡೆಯ ಕಿಟಕಿ ತೆರೆದರೆ ತುಂಗಮ್ಮ. ಅದರ ಮಾರನೆಯ ದಿನ ಮತ್ತೆ ಎಡಗಡೆ. ತೂಗಾಟ ಅಲ್ಲಿಗೆ ನಿಂತುಹೋಯಿತು, ಎಂದರೆ ಅದಕ್ಕಿಂತ ಸಣ್ಣದಾಗಲಿಲ್ಲ. ಆಗುವುದಾದರೂ ಹೇಗೆ, ನಡುವೆ ಹೊಸ್ತಿಲು ಕೂತ ನನ್ನ ಮನೆ ಬಂಡೆಯ ಹಾಗೆ ನಿಂತಿದೆ. ಲಗ್ನ ಹತ್ತಿರ ಬರುತ್ತಿತ್ತು. ಎಡ ಬಲ ಯಾವ ಕಡೆ ಇದ್ದಾಗಲೂ ಒಳಗೆ ಹೋಗಿ ನಿಂಬೆಹಣ್ಣು ಇಟ್ಟರೆ ಅದು ಒರಳುಗಳ ಸಂದಿಯಲ್ಲಿ ನುಸುಳಿ ನನ್ನ ಮನೆ ಕಡೆಯ ಗೋಡೆಗೆ ಹೋಗಿ ಟಕ್ ಎಂದು ಬಡಿಯುತ್ತಿತ್ತು. ತುಂಗಮ್ಮ ಕಿಟಕಿಯಲ್ಲಿ ಒಂದು ಬಟ್ಟಲು ಹುರುಳಿಸಾರು ಚಾಚುತ್ತಿದ್ದಳು. ನಾನು ಬಟ್ಟಲು ತೊಳೆದು, ಖಾಲಿ ಕೊಡಬಾರದೆಂದು ಉಪ್ಪಿನಕಾಯಿ ಹಾಕಿ ವಾಪಸು ಕೊಡುತ್ತಿದ್ದೆ. ಬೆಳಗ್ಗೆ ಎದ್ದ ಕೂಡಲೇ ಇವತ್ತು ಯಾವ ಕಿಟಕಿ ಎಂದು ನೋಡುವುದು ನನಗೆ ಚಟವೇ ಆಗಿಹೋಯಿತು.

ಒಂದು ಮಧ್ಯಾಹ್ನ ತುಂಗಮ್ಮ ಕಿಟಕಿ ಬಿಟ್ಟು ಬಾಗಿಲಿಂದಲೇ ಬಂದಳು. ಹಿಂದೆ ಪ್ರಮೀಳಾ ಇದ್ದಳು, ಉಮಾಪತಿ ಬೀದಿಯಲ್ಲೇ ನಿಂತ.

"ನನ್ನದು ನಿಂತ ಮನೆ," ಅವರು ಬಾಯಿ ತೆರೆಯುವ ಮುಂಚೆಯೇ ಹೇಳಿದೆ. "ನಾನೂ ಅಮ್ಮನೂ ಇದ್ದಾಗ ಮೂರೂ ನೋಡಿ ಕಲ್ಲು ಹಾಕಿಸಿದ್ದು. ಇದನ್ನು ಕೀಳುವ ಮಾತು ಆಡಬೇಡಿ."

"ಕೀಳಿ ಅಂತ ಯಾರಂದ್ರು?" ತುಂಗಮ್ಮ ನಡುಮನೆಯ ನೆಲ ನೋಡಿದಳು. "ಒಂದು ನಿಂಬೆಹಣ್ಣು ಕೊಡಿ ಅಂದೆ, ಅಷ್ಟೇಯ."

"ಅದನ್ನೂ ಅನ್ನಲಿಲ್ಲ ನೀವು."

"ಈಗ ಅಂತಿವ್ನಿ."

ಕೊಡದೆ ಇರಲು ನನ್ನ ಹತ್ತಿರ ಕಾರಣವಿರಲಿಲ್ಲ. ಚೀಲದಿಂದ ತೆಗೆದು ಕೊಟ್ಟೆ. ಊರಲ್ಲಿ ಇಷ್ಟೆಲ್ಲ ಮನೆಗಳ ನೆಲಕ್ಕೆ ನಿಂಬೆಹಣ್ಣು ಇಟ್ಟವಳು, ನನ್ನ ಮನೆಯಲ್ಲಿ ಕಲ್ಲು ಕೂತ ಮೇಲೆ ಒಂದು ದಿನವೂ ಇಟ್ಟಿರಲಿಲ್ಲ. ನಿಂತ ಮನೆಯನ್ನು ಯಾರು ನೋಡುತ್ತಾರೆ? ತುಂಗಮ್ಮ ಕೂತು, ಅಮ್ಮನ ಮಣೆ ಇರುತ್ತಿದ್ದ ಜಾಗದಲ್ಲೇ ಹಣ್ಣು ಇಟ್ಟು ಕೈ ತೆಗೆದಳು. ಅದು ಒಂದು ಗಳಿಗೆ ಅಲ್ಲೇ ಇತ್ತು. ನನಗೆ ಗೆದ್ದೆ ಅನ್ನಿಸಿತು. ಆಮೇಲೆ ಮೆಲ್ಲಗೆ, ಬಹಳ ನಾಚಿಕೆಯಿಂದ ಅನ್ನುವ ಹಾಗೆ, ಉರುಳಿಕೊಂಡು ಹೋಗಿ ಬಾಗಿಲಲ್ಲಿ ಪ್ರಮೀಳಾಳ ಕಾಲಿಗೆ ತಾಗಿ ನಿಂತಿತು.

"ನಿನ್ನೆಗಿಂತ ಇವತ್ತು ಹೆಂಗದೆ ಪಂಕಜಮ್ಮ?" ತುಂಗಮ್ಮ ಕೇಳಿದಳು.

ಆ ಪ್ರಶ್ನೆಯನ್ನು ನಾನು ಊರನ್ನೆಲ್ಲ ಕೇಳಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅಮ್ಮ ಹೋದ ಮೇಲೆ ಈ ಮನೆ ನನಗೆ ಹಿತವಾಗಿರಲಿಲ್ಲ. ಇಬ್ಬರಿಗೆ ಎಂದು ನಿಂತ ಜಾಗ ಒಬ್ಬಳಿಗೆ ಸರಿಹೋಗಿರಲಿಲ್ಲ. ನಾನು ಅದಕ್ಕೆ ವಯಸ್ಸಾಯಿತು, ಮಂಡಿನೋವು, ನೀರಿನ ತಾಪತ್ರಯ ಎಂದೆಲ್ಲ ಹೆಸರಿಟ್ಟುಕೊಂಡಿದ್ದೆ. ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ನಾನು ಒಳಗೆ ಹೋಗಿ ಮುಖ ತೊಳೆದು ಬಂದೆ. ಬರುವಾಗ ಕೈಯಲ್ಲಿ ಹಾರೆ ಇತ್ತು.

"ಇದು ಎಲ್ಲಿಗೆ ಹೋಗುತ್ತೋ ನನಗೆ ಗೊತ್ತಿಲ್ಲ," ಎಂದು ಉಮಾಪತಿಯನ್ನು ಒಳಗೆ ಕರೆದೆ. "ಕೆರೆ ಆಚೆ ಹೋಗಿ ಕೂತರೆ ನನ್ನನ್ನು ದಿನಾ ಬಸ್ಸಲ್ಲಿ ಕರಕೊಂಡು ಬರೋದು ನಿನ್ನ ಜವಾಬ್ದಾರಿ. ಟಿಕೆಟ್ ಕೊಡಲ್ಲ."

"ಪಾಸ್ ಮಾಡಿಸ್ಕೊಡ್ತೀನಿ ಮೇಡಂ," ಎಂದು ಅವನು ಹಾರೆ ತೆಗೆದುಕೊಂಡ.

ಹೊಸ್ತಿಲ ಕಲ್ಲು ಮೀಟುವಾಗ ಹಲ್ಲು ಕಿತ್ತಂಥ ಸದ್ದಾಯಿತು. ಅವತ್ತು ನಾನು ಬಟ್ಟೆ ಹಗ್ಗ ಬಿಚ್ಚಿಟ್ಟೆ, ಭರಣಿಗಳನ್ನು ಅಟ್ಟದಿಂದ ಇಳಿಸಿ ಹಾಸಿಗೆಯ ಸುತ್ತ ಇಟ್ಟುಕೊಂಡು ಮಲಗಿದೆ. ಹೆದರಿಕೆಯಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬೆಳಗ್ಗೆ ಎದ್ದು ಎಡಗಡೆಯ ಕಿಟಕಿ ತೆರೆದೆ, ಬೇವಿನ ಮರ ಇತ್ತು, ತುಂಗಮ್ಮ ಇರಲಿಲ್ಲ. ಬಲಗಡೆಯ ಕಿಟಕಿ ತೆರೆದೆ, ಅಲ್ಲೂ ಇರಲಿಲ್ಲ. ನನ್ನನ್ನು ಬಿಟ್ಟು ಹೊರಟೇ ಹೋದರು ಅನ್ನಿಸಿತು. ಬೀದಿಗೆ ಹೋಗಿ ನೋಡೋಣ ಎಂದು ಮುಂಬಾಗಿಲು ತೆರೆದರೆ ಬೀದಿಯೇ ಇಲ್ಲ. ಬಾಗಿಲಿಗೆ ಬಾಗಿಲು ಕೊಟ್ಟು ತಗಡಿನ ಮನೆ ನಿಂತಿದೆ, ಒಳಗೆ ಒರಳುಕಲ್ಲುಗಳ ನಡುವೆ ತುಂಗಮ್ಮ ಒಲೆ ಊದುತ್ತಿದ್ದಾಳೆ. ಅವಳು ತಿರುಗಿ ನೋಡಿ, "ಎದ್ರಾ? ಕಾಫಿಗೆ ಹಾಲಿಲ್ಲ, ನಿಮ್ಮಲ್ಲಿದ್ರೆ ತನ್ನಿ," ಎಂದಳು.

ಎರಡು ಮನೆಯೂ ಆಮೇಲೆ ಒಂದೆರಡು ದಿನ ಬೆರಳಷ್ಟು ಹಿಂದೆ ಮುಂದೆ ಸರಿದು, ಎದುರುಬದುರು ಕೂತವರು ಮಂಡಿ ಸರಿಮಾಡಿಕೊಳ್ಳುವ ಹಾಗೆ ಸರಿಮಾಡಿಕೊಂಡವು. ಎರಡು ಬಾಗಿಲ ನಡುವೆ ಉಳಿದದ್ದು ಸರಿಯಾಗಿ ಒಂದು ಹೊಸ್ತಿಲ ಕಲ್ಲಿನಷ್ಟು ಜಾಗ. ಬೀದಿಗೆ ಹೋಗಬೇಕಾದರೆ ಇಬ್ಬರಿಗೂ ಹಿತ್ತಿಲ ಬಾಗಿಲೇ ಗತಿ. ಗೂಟ ನೋಡಿದೆ, ಸರಿ. ಒರಳುಗಳನ್ನೆಲ್ಲ ಹೊರಗೆ ಹಾಕಿಸಿ ಮತ್ತೆ ನೋಡಿದೆ, ಸರಿ. ದಿನಾ ನೋಡಿದೆ, ನೀರು ಬಂದರೂ ಬಾರದಿದ್ದರೂ. ನಿಂಬೆಹಣ್ಣು ಅವರ ನಡುಮನೆಯಲ್ಲೂ ನನ್ನ ನಡುಮನೆಯಲ್ಲೂ ಇಟ್ಟಲ್ಲೇ ಕೂತಿತು. ಈ ಸಲ ಸಗಣಿ ಇರಲಿಲ್ಲ, ನಾನೇ ನೆಲ ಒರೆಸಿ ಇಟ್ಟಿದ್ದೆ.

ಲಗ್ನದ ದಿನ ಬೆಳಗ್ಗೆ ಕಲ್ಲು ಕೂರಿಸಬೇಕು. ಕಲ್ಲುಕುಟಿಗ ಸುತ್ತಿಗೆ ಹಿಡಿದು ನಿಂತಿದ್ದ, ಪುರೋಹಿತರು ಗಡಿಯಾರ ನೋಡುತ್ತಿದ್ದರು. ತುಂಗಮ್ಮನನ್ನು ನಾನು ಕೇಳಿದೆ, ಉಮಾಪತಿಯನ್ನು ಕೇಳಿದೆ, ಇಬ್ಬರೂ ನಿನ್ನೆಯ ಹಾಗೇ ಇದೆ ಎಂದರು. ಆದರೆ ಕಲ್ಲು ಎರಡು ಮನೆಗೂ ಸೇರಿದ್ದು, ಉಳಿದವಳು ನಾನು. ನನ್ನನ್ನು ನಾನೇ ಕೇಳಿಕೊಳ್ಳುವ ಹಾಗಿಲ್ಲ. ತುಂಗಮ್ಮ ಸೆರಗು ಸರಿಮಾಡಿಕೊಂಡು ಎದುರಿಗೆ ಬಂದು ನಿಂತು, ಊರೆಲ್ಲ ಕೇಳುವ ಹಾಗೆ ಕೇಳಿದಳು: "ಪಂಕಜಮ್ಮ, ನಿನ್ನೆಗಿಂತ ಇವತ್ತು ಚೆಂದಾಗದಾ?"

ಚೆನ್ನಾಗಿತ್ತು. ನಿನ್ನೆಗಿಂತ ಬಹಳ ಚೆನ್ನಾಗಿತ್ತು. ನಿನ್ನೆಯೂ ಮೊನ್ನೆಗಿಂತ ಚೆನ್ನಾಗಿತ್ತು. ದಿನಾ ಹಾಗೇ ಆಗುತ್ತಿತ್ತು, ಎಲ್ಲೂ ನಿಲ್ಲುವ ಲಕ್ಷಣವೇ ಕಾಣುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ, ನಾನೇ ಪಾಲಿಸಿಕೊಂಡು ಬಂದ ಕಟ್ಟಳೆಯ ಪ್ರಕಾರ, ಮನೆ ನಿಂತಿಲ್ಲ. ಕಲ್ಲಿಲ್ಲ, ಮದುವೆಯಿಲ್ಲ, ಪ್ರಮೀಳಾ ವರ್ಗ ತೆಗೆದುಕೊಂಡು ಹೊರಡುತ್ತಾಳೆ. ಎಷ್ಟು ಜನರ ಸುಳ್ಳನ್ನು ಹಿಡಿದು ಮುಖಕ್ಕೆ ಹೇಳಿದವಳು ನಾನು! ಗಂಟಲು ಸರಿಮಾಡಿಕೊಂಡೆ.

"ಮೊನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ," ಎಂದೆ.

ತುಂಗಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹಂಗಾರೆ ನಿಂತದೆ. ಹೊಡಿಯಪ್ಪಾ ಕಲ್ಲ," ಎಂದಳು. ಸುತ್ತಿಗೆ ಬಿತ್ತು.

ಸಂಜೆ ಹೆಣ್ಣು ಮನೆ ತುಂಬಿಸಿಕೊಳ್ಳುವಾಗ ಪ್ರಮೀಳಾ ನನ್ನ ಹಿತ್ತಿಲ ಬಾಗಿಲಿಂದಲೇ ಬರಬೇಕಾಯಿತು, ಅವರ ಹೊಸ್ತಿಲಿಗೆ ಬೇರೆ ದಾರಿಯಿರಲಿಲ್ಲ. ಬಚ್ಚಲು ದಾಟಿ, ಅಡುಗೆಮನೆ ದಾಟಿ, ನನ್ನ ನಡುಮನೆಯಲ್ಲಿ ಹಾದು, ಸೇರಿನ ಮುಂದೆ ನಿಂತಳು. ತಾಳ್ಮೆಯಿಲ್ಲದ ಹೆಣ್ಣು, ಮೆಲ್ಲಗೆ ತಾಗಿಸಿ ಅಂದರೆ ಜೋರಾಗಿ ಒದ್ದಳು. ಸೇರು ಆ ಕಡೆ ಬಿತ್ತು, ಅಕ್ಕಿ ಎರಡು ಮನೆಗೂ ಚೆಲ್ಲಿತು. ನನ್ನ ಮನೆಗೆ ಬಿದ್ದ ಅಕ್ಕಿಯನ್ನು ನಾನು ಗುಡಿಸಲು ಹೋದಾಗ ತುಂಗಮ್ಮ ಬಿಡಲಿಲ್ಲ.

ಆಮೇಲಿನ ಒಂದು ಬೆಳಗ್ಗೆ ಪ್ರಮೀಳಾ ರಾತ್ರಿ ಪಾಳಿ ಮುಗಿಸಿ, ಹಿತ್ತಿಲಿಂದ ಬಂದು, ಚಪ್ಪಲಿ ನನ್ನ ಬಚ್ಚಲ ಬಳಿ ಬಿಟ್ಟು, ಅಡುಗೆಮನೆಗೆ ತಲೆ ಹಾಕಿದಳು. "ಅಕ್ಕ, ಹೊಟ್ಟೆ ಹಸೀತಿದೆ, ಏನು ಮಾಡಿದೀರಿ?"

ಹಿಂದಿನ ದಿನದ ಪರೀಕ್ಷೆಯ ನಿಂಬೆಹಣ್ಣುಗಳನ್ನು ನಾನು ಆಗಲೇ ಕೊಯ್ದು ಹಿಂಡಿದ್ದೆ. ಬಾಣಲೆಯಲ್ಲಿ ಸಾಸಿವೆ ಚಟಪಟ ಅನ್ನುತ್ತಿತ್ತು.

"ಚಿತ್ರಾನ್ನ," ಎಂದೆ. "ಅತ್ತೆಯನ್ನೂ ಗಂಡನನ್ನೂ ಕರಿ, ನಾಲ್ಕು ತಟ್ಟೆ ಹಾಕು."